ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಅಭಿಮಾನಿಗಳ ಹಾಡು: ಪಲ್ಲವಿ ಚಪ್ಪಾಳೆಗೆ ಕೂರ್ತಿಲ್ಲ, ರೆಕಾರ್ಡಿಂಗ್ ಬಗ್ಗೆಯೂ ಸಲಹೆ ಬೇಕು

ಗೋಲ್‌ಪೋಸ್ಟ್_ಮೈಸೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಕ್ಲಬ್ಬಿನ ಅಭಿಮಾನಿಗಳು ನಾವು. ಪಂದ್ಯಕ್ಕೆ ತಪ್ಪದೆ ಬರೋರು 60ರಿಂದ 80 ಜನ. ಸೀಸನ್ ಶುರುವಾಗೋ ಮೊದಲು ಕ್ಲಬ್ಬಿಗೆ ಅಂತಲೇ ಒಂದು ಹಾಡು ಬಿಡುಗಡೆ ಮಾಡಬೇಕು. ಯೂಟ್ಯೂಬಲ್ಲೂ ಇರಬೇಕು, ಗ್ಯಾಲರಿಯಲ್ಲಿ ನಿಂತು ಬಾಯಲ್ಲೇ ಹಾಡೋಕೂ ಬರಬೇಕು.

ಕೈಯಲ್ಲಿರೋದು: ಎರಡು ತಮಟೆ, ಒಂದು ನಗಾರಿ, ಕಂಸಾಳೆ ಬಾರಿಸೋ ಇಬ್ಬರು, ಒಂದು ಲ್ಯಾಪ್‌ಟಾಪ್, ಎರಡು ಚಾನೆಲ್‌ನ ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕು. ರೆಕಾರ್ಡಿಂಗಿಗೆ ಹದಿನೈದು ಜನ ಸಿಗ್ತಾರೆ. ಯಾರೂ ಸಂಗೀತ ಕಲಿತವರಲ್ಲ.

ಪಲ್ಲವಿ ಹೀಗೆ ಬರೆದಿದ್ದೀವಿ:

*ನಮ್ಮ ಹೆಮ್ಮೆಯ ಕಾಲ್ಚೆಂಡಿನ ತಂಡವು ವಿಜಯವ ಗಳಿಸಲಿ ಎಂದೆಂದು*

ಓದೋಕೆ ಚೆನ್ನಾಗಿದೆ. ಚಪ್ಪಾಳೆ ಹಾಕಿಕೊಂಡು ಹಾಡಿದರೆ ಮೂರನೇ ಸುತ್ತಿಗೆ ಒಬ್ಬೊಬ್ಬರು ಒಂದೊಂದು ಕಡೆ ಇರ್ತಾರೆ. ಎಲ್ಲಿ ತಪ್ಪಿದೆ? ವೇಗ ಎಷ್ಟಿಡಬೇಕು? ಹದಿನೈದು ಜನರ ದನಿ ದೊಡ್ಡ ಗುಂಪಿನ ಹಾಗೆ ಕೇಳಿಸೋದು ಹೇಗೆ? ಎಲ್ಲರಿಗೂ ಬರೋ ಒಂದು ಸಿನಿಮಾ ಹಾಡಿನ ಟ್ಯೂನಿಗೆ ನಮ್ಮ ಮಾತು ಹಾಕಿದರೆ ಕೆಲಸ ಸುಲಭ ಅನ್ನೋರೂ ಇದ್ದಾರೆ. ಅದು ಸರಿಯಾ?

---

ಲಘುಗುರು ಬರೆದದ್ದು:

ತಪ್ಪು ಹಾಡೋರದಲ್ಲ, ಸಾಲಿನದು. ಮಾತ್ರೆ ಎಣಿಸಿ ನೋಡಿ (ಹ್ರಸ್ವಕ್ಕೆ ಒಂದು; ದೀರ್ಘಕ್ಕೆ, ಒತ್ತಕ್ಷರದ ಹಿಂದಿನದಕ್ಕೆ, ಸೊನ್ನೆ ಇರೋದಕ್ಕೆ ಎರಡು, ಅದೇ ಗುರು). 'ನಮ್ಮ' ಮೂರು, 'ಹೆಮ್ಮೆಯ' ನಾಲ್ಕು, 'ಕಾಲ್ಚೆಂಡಿನ' ಆರು, 'ತಂಡವು' ನಾಲ್ಕು, 'ವಿಜಯವ' ನಾಲ್ಕು, 'ಗಳಿಸಲಿ' ನಾಲ್ಕು, 'ಎಂದೆಂದು' ಐದು. ಒಟ್ಟು 30. ಒಂದು ಚಪ್ಪಾಳೆಗೆ ಎರಡು ಮಾತ್ರೆ ಅಂತ ಹಿಡಿದರೆ 15 ಚಪ್ಪಾಳೆ. ಜನ ಕಲಿಸದೇ ಹಾಕೋ ಚಪ್ಪಾಳೆ ನಾಲ್ಕು, ಎಂಟು, ಹದಿನಾರರ ಲೆಕ್ಕದಲ್ಲಿ ನಡೆಯುತ್ತೆ. ನಿಮ್ಮದು ಪ್ರತಿ ಸುತ್ತಿಗೂ ಒಂದು ಚಪ್ಪಾಳೆ ಕಡಿಮೆ. ಕೆಲವರು ಅದನ್ನ ತಾವೇ ತುಂಬಿಸಿಕೊಂಡು ಎಳೀತಾರೆ, ಉಳಿದವರು ಹಾಗೇ ಮುಂದೆ ಹೋಗ್ತಾರೆ. ಮೂರನೇ ಸುತ್ತಿಗೆ ಚೆದುರೋದು ಅದಕ್ಕೇ.

ಇನ್ನೊಂದು ತೊಡಕು ಮೊದಲಲ್ಲೇ ಇದೆ. 'ನಮ್ಮ' ಮೂರೇ ಮಾತ್ರೆ, ನಾಲ್ಕನೆಯದು 'ಹೆಮ್' ಅನ್ನೋ ಗುರುವಿನ ಅರ್ಧದಲ್ಲಿ ಬೀಳುತ್ತೆ. ಅಂದರೆ ಎರಡನೇ ಚಪ್ಪಾಳೆ ಮುಗಿಯೋ ಜಾಗದಲ್ಲಿ ಅಕ್ಷರ ಸೀಳುತ್ತೆ. ಸಾಲು ಶುರುವಾದ ಒಂದು ಸೆಕೆಂಡಿಗೇ ನಾಲಿಗೆ ಒಂದು ಕಡೆ, ಕೈ ಇನ್ನೊಂದು ಕಡೆ.

ನಮ್ಮ ಕಾವ್ಯದಲ್ಲಿ ಎಲ್ಲ ಲೆಕ್ಕದ ಗಣಗಳೂ (ಮಾತ್ರೆಗಳ ಗುಂಪು) ಇವೆ, ಆದರೆ ಗ್ಯಾಲರಿಗೆ ಎಲ್ಲವೂ ಒಗ್ಗಲ್ಲ. ಭಾಮಿನಿ ಷಟ್ಪದಿಯ 3+4 ಓದೋಕೆ, ಗಮಕಕ್ಕೆ ಸೊಗಸು. ಚಪ್ಪಾಳೆಗೆ ತಂದರೆ ಏಳರ ನಡೆ, ನೂರು ಜನ ಹಿಡಿಯಲಾರರು. ವಾರ್ಧಕದ ಐದೂ ಹಾಗೆಯೇ. ನಿಮಗೆ ಬೇಕಾದ್ದು ಶರ ಅಥವಾ ಪರಿವರ್ಧಿನಿ ಷಟ್ಪದಿಯ ಹಾಗೆ ಬರೀ ನಾಲ್ಕು ಮಾತ್ರೆಯ ಗಣ. ಸಾಲಿಗೆ ಎರಡು ಗಣ, ಅಂದರೆ ನಾಲ್ಕು ಚಪ್ಪಾಳೆ, ಸಾಕು. ಉದಾಹರಣೆಗೆ:

ಒಬ್ಬ: *ಯಾರೇ | ಬರಲೀ*
ಎಲ್ಲರೂ: *ನಾವಿದ್ | ದೀವೋ*

ನಾಲ್ಕು, ನಾಲ್ಕು. 'ಬರಲಿ' ಮೂರೇ ಮಾತ್ರೆ, ಕೂಗೋವಾಗ 'ಲೀ' ಅಂತ ಎಳೆದಾಗ ನಾಲ್ಕಾಗುತ್ತೆ. ಆಡುಮಾತಲ್ಲೂ ದೂರದಿಂದ ಕೂಗುವಾಗ ಎಳೆಯೋದು ಕೊನೆಯ ಅಕ್ಷರವನ್ನೇ, ಹಾಗಾಗಿ ಕಿವಿಗೆ ಕೃತಕ ಅನ್ನಿಸಲ್ಲ. ನಡುವಿನ ಅಕ್ಷರ ಎಳೆಯಬೇಕಾಗಿ ಬಂದರೆ ಮಾತ್ರ ಆ ಪದವನ್ನೇ ಬದಲಾಯಿಸಿ.

ಊರ ಹೆಸರಿಗೂ ಇದೇ ಪರೀಕ್ಷೆ. 'ಮೈಸೂರು' ಐದು ಮಾತ್ರೆ, ಹಾಗೇ ಇಟ್ಟರೆ ಕೂರಲ್ಲ. ಸಾಲಿನ ನಡುವೆ ಬಂದರೆ ಮಾತಾಡೋ ಹಾಗೆ 'ಮೈಸೂರ್' ಅಂತ ನಾಲ್ಕಕ್ಕೆ ನಿಲ್ಲಿಸಿ. ಸಾಲಿನ ಕೊನೆಗೆ ಬಂದರೆ 'ಮೈಸೂ | ರೋ' ಅಂತ ಎರಡು ಗಣಕ್ಕೆ ಹರಡಿ. ಮಂಡ್ಯದವರಿಗೆ ಇನ್ನೂ ಸಲೀಸು: 'ಮಂಡ್ಯ' ಮೂರು, 'ಮಂಡ್ಯಾ' ಅಂದರೆ ನಾಲ್ಕು ತಾನಾಗಿ ಬಂತು.

ಸಾಲಿನ ಕೊನೆಯ ಸ್ವರಕ್ಕೆ ಬೆಲೆ ಕೊಡಿ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯೋದು ಇಂಥ ಹಾಡಿಗೆ ದೊಡ್ಡ ಅನುಕೂಲ. ಆದರೆ 'ಉ' ಬಂದಾಗ ತುಟಿ ಮುಚ್ಚಿಕೊಳ್ಳುತ್ತೆ, ದನಿ ಒಳಗೇ ಉಳಿಯುತ್ತೆ. 'ಎಂದೆಂದು', 'ತಂಡವು', 'ಗೆಲುವು' ಎಲ್ಲ ಹಾಗೇ. 'ಆ', 'ಓ', 'ಏ' ಬಂದರೆ ಬಾಯಿ ತೆರೆಯುತ್ತೆ. 'ಇದ್ದೀವಿ' ಬದಲು 'ಇದ್ದೀವೋ' ಅಂದಿದ್ದು ಅದಕ್ಕೆ.

'ಕಾಲ್ಚೆಂಡು' ತೆಗೀರಿ. ಒಳ್ಳೆಯ ಪದವೇ, ಆದರೆ ಗ್ಯಾಲರಿಯಲ್ಲಿ ಯಾರ ಬಾಯಲ್ಲೂ ತಾನಾಗಿ ಬರಲ್ಲ. ಹಾಡು ಬಾಯಿಗೆ ಬರಬೇಕಾದರೆ ಅದರ ಪದ ಮೊದಲೇ ಬಾಯಲ್ಲಿರಬೇಕು.

ಟ್ಯೂನ್ ಬಗ್ಗೆ ಒಂದೇ ಮಾತು. ಸ್ವರಗಳ ಹರವು ಷಡ್ಜದಿಂದ ಪಂಚಮದ ಒಳಗಿರಲಿ, ಬೇಕಾದರೆ ಕೆಳಗೊಂದು ಧೈವತ. ಮೋಹನ ರಾಗದ ಸ ರಿ ಗ ಪ ಸಾಕು. ಅರ್ಧ ಸ್ವರದ ಅಂತರ ಎಲ್ಲೂ ಇಲ್ಲದ್ದರಿಂದ ನಾಲ್ಕು ಜನ ಜಾರಿದರೂ ಕಿವಿಗೆ ಕರಕರ ಅನ್ನಲ್ಲ. ಷಡ್ಜವನ್ನು ಹಾರ್ಮೋನಿಯಂನ ಆರನೇ ಬಿಳಿ ಮನೆಗೆ ಇಟ್ಟರೆ ಪಂಚಮ ಮೇಲಿನ ಮೂರನೇ ಮನೆಗೆ ಬರುತ್ತೆ. ಗಂಡಸರು ಎದೆ ತುಂಬಿ ಕೂಗಬಹುದು, ಹೆಂಗಸರು ಅದೇ ಸ್ಥಾಯಿಯಲ್ಲಿ ಸ್ವಲ್ಪ ತಗ್ಗಿನಲ್ಲಿ ಸೇರಬಹುದು.

---

ಮಂಡ್ಯ_ತಮಟೆ ಬರೆದದ್ದು:

ಮೇಷ್ಟ್ರು ಮಾತಿನ ಲೆಕ್ಕ ಹೇಳವ್ರೆ, ನಾನು ಬಡಿತದ ಲೆಕ್ಕ ಹೇಳ್ತೀನಿ.

ವೇಗ ನಿಮಿಷಕ್ಕೆ 108ರಿಂದ 114 ಬಡಿತ ಇಟ್ಕಳಿ. 130 ಇಟ್ರೆ ಕೇಳಕ್ಕೆ ಜೋಷ್ ಆಗಿರ್ತದೆ, ಆದ್ರೆ ಜನ ಹಾಡ್ತಾ ಹಾಡ್ತಾ ತಾವೇ ವೇಗ ಏರುಸ್ತಾರೆ ಕಣಣ್ಣ. 112ರಲ್ಲಿ ಶುರು ಮಾಡಿದ್ದು ಎರಡು ನಿಮಿಷಕ್ಕೆ 125 ದಾಟಿರ್ತದೆ. 130ರಲ್ಲೇ ಶುರು ಮಾಡಿದ್ರೆ ಏರಕ್ಕೆ ಜಾಗ ಎಲ್ಲಿ? ಪದ ನುಂಗೋಗ್ತವೆ, ಬರೀ ಚಪ್ಪಾಳೆ ಉಳೀತದೆ. ವೇಗ ಕೈ ಮೀರ್ತಾ ಇದೆ ಅನ್ಸುದ್ರೆ ತಮಟೆಯೋರು ನಾಲ್ಕು ಚಪ್ಪಾಳೆ ಪೂರ್ತಿ ನಿಲ್ಲುಸಿ, ಮತ್ತೆ ಮೊದಲಿನ ವೇಗಕ್ಕೆ ಎತ್ಕಬೇಕು. ಬಾರುಸ್ತಾ ಬಾರುಸ್ತಾ ನಿಧಾನ ಮಾಡಕ್ಕೆ ಹೋಗ್ಬೇಡಿ, ಜನ ಬಗ್ಗಲ್ಲ.

ಎರಡು ತಮಟೆಗೆ ಕೆಲಸ ಬೇರೆ ಬೇರೆ ಕೊಡಿ. ಒಂದು ಬರೀ ತಾಳ ಹಿಡೀಲಿ: ಚಪ್ಪಾಳೆಗೊಂದು ಪೆಟ್ಟು, ದಪ್ಪ ಕಡ್ಡಿದು, ನಡು ಚರ್ಮದ ಮೇಲೆ. ಇನ್ನೊಂದು ಸಾಲು ಮುಗಿಯೋವಾಗ ಮುಕ್ತಾಯ ಕೊಡ್ಲಿ, ತೆಳು ಕಡ್ಡೀಲಿ ಅಂಚಿನ ಮೇಲೆ. ಇಬ್ರೂ ಕೈಚಳಕ ತೋರ್ಸಕ್ಕೆ ಹೋದ್ರೆ ಜನ ಯಾರನ್ನ ಹಿಡ್ಕಬೇಕು ಅಂತ ಗೊತ್ತಾಗಲ್ಲ. ನಗಾರಿ ನಾಲ್ಕು ಚಪ್ಪಾಳೆಗೆ ಒಂದೇ ಪೆಟ್ಟು, ಮೊದಲನೇದ್ರ ಮೇಲೆ. ಅಷ್ಟೇ ಸಾಕು, ಎದೆಗೆ ತಾಕ್ತದೆ.

ಚರ್ಮದ ತಮಟೆ ಕಾಯಿಸೋದು ತಿಳ್ಕಳಿ. ಒಣ ಹುಲ್ಲೋ ಕಾಗದವೋ ಉರುಸಿ, ಉರಿಯಿಂದ ಒಂದೂವರೆ ಅಡಿ ದೂರದಲ್ಲಿ ತಮಟೇನ ತಿರುಗುಸ್ತಾ ಹಿಡೀಬೇಕು. ಒಂದೇ ಕಡೆ ನಿಲ್ಲಿಸಬಾರ್ದು. ಬೆರಳ ಗೆಣ್ಣಲ್ಲಿ ತಟ್ಟುದ್ರೆ ಮೊದ್ಲು 'ದೊಬ್' ಅಂತಿತ್ತಲ್ಲ, ಅದು 'ಟಂಣ್' ಅನ್ನೋ ಹೊತ್ಗೆ ಸಾಕು. ಮಳೇಲಿ ನೆಂದ ಚರ್ಮ ನೇರ ಬೆಂಕಿಗೆ ಹಿಡುದ್ರೆ ಬಳೆ ಹತ್ರ ಸೀಳ್ತದೆ, ಯಾಕಂದ್ರೆ ಅಂಚು ಬೇಗ ಒಣಗಿ ಎಳೀತದೆ, ನಡು ಇನ್ನೂ ಹಸೀನೇ ಇರ್ತದೆ. ಬಟ್ಟೇಲಿ ಒರೆಸಿ, ನೆರಳಲ್ಲಿ ಗಾಳಿಗಿಟ್ಟು ಆಮೇಲೆ ಕಾಯ್ಸಿ. ತಂಪು ಸಂಜೇಲಿ ಅರ್ಧ ಗಂಟೆಗೇ ಮತ್ತೆ ಸಡ್ಲ ಆಯ್ತದೆ. ಸ್ಟೇಡಿಯಮ್ ಒಳಗೆ ಬೆಂಕಿ ಹಚ್ಚಕ್ಕೆ ಬಿಡಲ್ಲ, ಬಿಡ್ಲೂಬಾರ್ದು. ಅದಕ್ಕೇ ಪಂದ್ಯಕ್ಕೆ ಬೋಲ್ಟ್ ಬಿಗಿಯೋ ಫೈಬರ್ ತಮಟೆ ತಗೊಂಡೋಗಿ, ರೆಕಾರ್ಡಿಂಗಿಗೆ ಮಾತ್ರ ಚರ್ಮದ್ದು. ಆ ತುಂಬು ದನಿ ಫೈಬರಲ್ಲಿ ಬರಲ್ಲ.

ಕಂಸಾಳೆ ವಿಚಾರ. ಅದು ಮಲೆ ಮಾದಪ್ಪನಿಗೆ ನಡ್ಕೊಳ್ಳೋ ದೇವರಗುಡ್ಡರ ಕೈಲಿರೋ ವಸ್ತು, ಬರೀ ವಾದ್ಯ ಅಲ್ಲ. ಬಾರ್ಸೋರು ಒಪ್ಪಿ ಬಂದವ್ರೆ ಅಂದ್ರೆ ಸಂತೋಷ. ಆದ್ರೆ ಎದುರು ತಂಡನ ಬೈಯೋ ಸಾಲು ಬಂದಾಗ ಕಂಸಾಳೆ ಬೇಡ, ಅವ್ರನ್ನ ಕೇಳೇ ಜಾಗ ಗೊತ್ತು ಮಾಡಿ.

---

ಸರಸ್ವತಿಪುರಂ_ಸೌಂಡ್ ಬರೆದದ್ದು:

ಇರೋ ಸಾಮಾನು ಸಾಕು. ಸ್ಟುಡಿಯೋಗೆ ಹೋಗಲೇಬೇಕು ಅಂತಿಲ್ಲ.

ಜಾಗ: ಕಲ್ಯಾಣ ಮಂಟಪದ ಖಾಲಿ ಹಾಲ್ ಬೇಡ. ಪ್ರತಿಧ್ವನಿ ಎರಡು ಮೂರು ಸೆಕೆಂಡ್ ಎಳೆಯುತ್ತೆ, ಪದ ಮೆತ್ತಗಾಗುತ್ತೆ, ಅದನ್ನ ಆಮೇಲೆ ತೆಗೆಯೋಕಾಗಲ್ಲ. ಮಧ್ಯಮ ಗಾತ್ರದ ರೂಮು, ನೆಲಕ್ಕೆ ಜಮಖಾನ, ಎರಡು ಗೋಡೆಗೆ ದಪ್ಪ ಕಂಬಳಿ. ಫ್ಯಾನು, ಫ್ರಿಜ್ಜು ಆಫ್. ಬೆಳಗ್ಗೆ ಆರಕ್ಕೆ ದೇವಸ್ಥಾನದ ಮೈಕು, ಸಂಜೆ ಟ್ರಾಫಿಕ್ಕು, ಹಾಗಾಗಿ ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೇ ಹೊತ್ತು.

ಸೆಟ್ಟಿಂಗ್: 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಎಲ್ಲರೂ ಜೋರಾಗಿ ಕೂಗಿದಾಗ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲೋ ಹಾಗೆ ಗೇನ್ ಇಡಿ. ಅಭ್ಯಾಸದಲ್ಲಿ ಕೂಗೋದಕ್ಕೂ ಟೇಕಿನಲ್ಲಿ ಕೂಗೋದಕ್ಕೂ ತುಂಬಾ ವ್ಯತ್ಯಾಸ ಇರುತ್ತೆ. ಒಮ್ಮೆ ಕ್ಲಿಪ್ ಆದರೆ (ಮಿತಿ ಮೀರಿ ದನಿ ಒಡೆದರೆ) ಆ ಟೇಕ್ ಹೋದಂತೆ.

ಮೊದಲು ತಾಳವಾದ್ಯ, ಒಂದೊಂದಾಗಿ, 112ರ ಕ್ಲಿಕ್ (ತಾಳ ತೋರಿಸೋ ಟಿಕ್ ಟಿಕ್) ಕಿವಿಯಲ್ಲಿಟ್ಟುಕೊಂಡು. ತಮಟೆಗೆ ಮೈಕು ಒಂದೂವರೆ ಮೀಟರ್ ದೂರ. ಮೈಕಲ್ಲಿ ಜೋರು ದನಿ ತಗ್ಗಿಸೋ ಪ್ಯಾಡ್ ಸ್ವಿಚ್ ಇದ್ದರೆ ಹಾಕಿ. ಕಂಸಾಳೆಗೆ ಎರಡು ಮೀಟರ್, ಮೈಕಿನ ಮುಖ ನೇರ ತಾಳದ ಕಡೆ ಬೇಡ, ಸ್ವಲ್ಪ ಓರೆ. ಕಂಚು ಕಂಚಿಗೆ ತಾಗಿದಾಗ ಬರೋ ಚುರುಕು ದನಿ 'ಸ', 'ಶ', 'ಚ' ಅಕ್ಷರಗಳು ಕೇಳಿಸೋ ಪಟ್ಟಿಯಲ್ಲೇ ಇರೋದರಿಂದ, ಹತ್ತಿರ ಇಟ್ಟರೆ ಹಾಡಿನ ಮಾತು ಅದರಡಿ ಮುಚ್ಚಿಹೋಗುತ್ತೆ.

ಈಗ ಹದಿನೈದು ಜನರನ್ನ ದೊಡ್ಡ ಗುಂಪು ಮಾಡೋದು. ಅದೇ ಪಲ್ಲವಿ ಆರು ಸಲ ಹಾಡಿಸಿ, ಆರು ಬೇರೆ ಟ್ರ್ಯಾಕ್. 90 ದನಿ ಆಯ್ತು. ಪ್ರತಿ ಸಲವೂ ಏನಾದರೂ ಬದಲಾಗಬೇಕು. ಮೊದಲ ಎರಡು ಸಲ ಮೈಕಿನ ಸುತ್ತ ಅರ್ಧಚಂದ್ರದ ಹಾಗೆ ಒಂದು ಮೀಟರ್ ದೂರ. ಮುಂದಿನ ಎರಡಕ್ಕೆ ಎರಡೂವರೆ ಮೀಟರ್, ಜನ ಜಾಗ ಅದಲು ಬದಲು. ಐದನೆಯದು ನಾಲ್ಕು ಮೀಟರ್ ದೂರ, ಅರ್ಧ ಜನ ಗೋಡೆ ಕಡೆ ತಿರುಗಿ. ಆರನೆಯದು ಸ್ವರದ ಚಿಂತೆ ಬಿಟ್ಟು ಬರೀ ಕೂಗು. ಹೆಂಗಸರು, ಮಕ್ಕಳು ಇದ್ದರೆ ಅವರದ್ದೇ ಒಂದು ಸುತ್ತು ಬೇರೆ ಮಾಡಿ, ಇಡೀ ಗುಂಪಿನ ಬಣ್ಣವೇ ಬದಲಾಗುತ್ತೆ.

ಹೆಚ್ಚಿನವರು ಮಾಡೋ ತಪ್ಪು ಒಂದಿದೆ. ಒಂದೇ ಟ್ರ್ಯಾಕನ್ನ ಆರು ಸಲ ಕಾಪಿ ಮಾಡಿ ಒಂದಿಷ್ಟು ಹಿಂದೆ ಮುಂದೆ ಸರಿಸೋದು. ಅದರಿಂದ ಜನ ಹೆಚ್ಚಾಗಲ್ಲ. ಒಂದೇ ಅಲೆ ತನ್ನದೇ ನಕಲಿನ ಜತೆ ಸೇರಿ ಕೆಲವು ಕಂಪನಾಂಕ ಅಳಿಸಿಹೋಗುತ್ತೆ, ತಗಡಿನ ಕೊಳವೆಯೊಳಗೆ ಹಾಡಿದ ಹಾಗೆ ಕೇಳುತ್ತೆ. ದೊಡ್ಡ ಗುಂಪು ಅಂತ ಕಿವಿಗೆ ಅನ್ನಿಸೋದೇ ಒಬ್ಬೊಬ್ಬರ ದನಿಯಲ್ಲಿರೋ ಸಣ್ಣ ಸಣ್ಣ ವ್ಯತ್ಯಾಸದಿಂದ. ಹಾಗಾಗಿ 20, 30 ಮಿಲಿಸೆಕೆಂಡಿನ ಆಚೀಚೆಯನ್ನ ತಿದ್ದಬೇಡಿ, ಆಟೋಟ್ಯೂನ್ ಹಾಕಲೇಬೇಡಿ.

ಹದಿನೈದು ಹೆಡ್‌ಫೋನ್ ಇರಲ್ಲ, ಟ್ರ್ಯಾಕ್ ಕೇಳಿಸೋದು ಹೇಗೆ? ಸ್ಪೀಕರಲ್ಲೇ ಸಣ್ಣಗೆ ಹಾಕಿ ಹಾಡಿಸಿ. ಟೇಕ್ ಮುಗಿದ ತಕ್ಷಣ ಮೈಕು, ಸ್ಪೀಕರ್, ವಾಲ್ಯೂಮ್, ಜನ ಯಾವುದೂ ಕದಲದ ಹಾಗೆ ಇನ್ನೊಂದು ಸಲ ಅದೇ ಟ್ರ್ಯಾಕ್ ಓಡಿಸಿ, ಈ ಸಲ ಎಲ್ಲರೂ ಸುಮ್ಮನಿರಲಿ. ಆ ಮೌನದ ಟೇಕಿನ ಪೊಲಾರಿಟಿ ತಿರುಗಿಸಿ (ಅಲೆಯನ್ನ ತಲೆಕೆಳಗು ಮಾಡಿ) ಹಾಡಿದ ಟೇಕಿನ ಜತೆ ಸೇರಿಸಿದರೆ ಸ್ಪೀಕರಿನ ದನಿ ಬಹುಪಾಲು ಕಳೆದುಹೋಗಿ ಹಾಡು ಮಾತ್ರ ಉಳಿಯುತ್ತೆ.

ಮಿಕ್ಸಿಂಗ್ ಬೇಗ ಹೇಳ್ತೀನಿ. ದನಿಗಳಲ್ಲಿ 100 ಹರ್ಟ್ಸ್ ಕೆಳಗೆ ಕತ್ತರಿಸಿ, 300ರಿಂದ 400ರ ಹತ್ತಿರ ಎರಡು ಮೂರು ಡೆಸಿಬಲ್ ತಗ್ಗಿಸಿ. ಆರು ಟ್ರ್ಯಾಕನ್ನ ಎಡಬಲಕ್ಕೆ ಹರಡಿ, ಹತ್ತಿರದ ಟೇಕ್ ನಡುವೆ, ದೂರದವು ಬದಿಗೆ. ಸ್ಟೇಡಿಯಂ ಅನಿಸಬೇಕು ಅಂತ ಹಾಲ್ ರಿವರ್ಬ್ ಸುರೀಬೇಡಿ. ಬಯಲಲ್ಲಿ ಇರೋದು ಎದುರು ಗ್ಯಾಲರಿಯಿಂದ ಹಿಂದಿರುಗಿ ಬರೋ ಒಂದೇ ಪ್ರತಿಧ್ವನಿ. ಅದನ್ನ ಸಣ್ಣಗೆ ಒಂದು ಸಲ ಹಾಕಿದರೆ ಸಾಕು.

ಕೊನೆಗೆ ಎರಡು ಮಿಕ್ಸ್ ಬೇಕು. ಆನ್‌ಲೈನಿಗೆ ಒಂದು ಸ್ಟೀರಿಯೋ, ಸುಮಾರು ಮೈನಸ್ 14 ಲಫ್ಸ್ (ಹಾಡು ಒಟ್ಟಾರೆ ಎಷ್ಟು ಜೋರು ಅನ್ನೋ ಅಳತೆ), ಟ್ರೂ ಪೀಕ್ (ಅತಿ ಎತ್ತರದ ಬಿಂದು) ಮೈನಸ್ 1. ಇದಕ್ಕಿಂತ ಜೋರು ಮಾಡಿದರೂ ಯೂಟ್ಯೂಬ್ ತಾನೇ ತಗ್ಗಿಸುತ್ತೆ. ಮೈದಾನದ ಹಾರ್ನ್ ಸ್ಪೀಕರಿಗೆ ಇನ್ನೊಂದು, ಮೋನೋ. ಆ ಹಾರ್ನಲ್ಲಿ 300 ಹರ್ಟ್ಸ್ ಕೆಳಗಿನದು ಹೆಚ್ಚೇನೂ ಬರಲ್ಲ, ಅಂದರೆ ನಗಾರಿ ಕಾಣೆಯಾಗುತ್ತೆ. ಈ ಮಿಕ್ಸಲ್ಲಿ ತಾಳದ ಭಾರ ತಮಟೆಯ ಅಂಚಿನ ಪೆಟ್ಟಿಗೆ ಕೊಡಿ, ಮಾತನ್ನ ಮೂರು ಡೆಸಿಬಲ್ ಮೇಲೆತ್ತಿ. ಮನೆಯಲ್ಲಿ ಪರೀಕ್ಷೆ ಮಾಡೋಕೆ ಫೋನಿನ ಸಣ್ಣ ಸ್ಪೀಕರ್ ಸಾಕು: ಅದರಲ್ಲಿ ಪ್ರತಿ ಪದ ತಿಳಿದರೆ ಹಾರ್ನಲ್ಲೂ ತಿಳಿಯುತ್ತೆ.

---

ಗೋಲ್‌ಪೋಸ್ಟ್_ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. 15 ಚಪ್ಪಾಳೆ ಲೆಕ್ಕ ನೋಡಿದ ಮೇಲೆ ಹಳೇ ಪಲ್ಲವಿ ಬಿಟ್ಟಿದ್ದೀವಿ. ಸಿನಿಮಾ ಟ್ಯೂನಿನ ಪ್ರಶ್ನೆ ಹಾಗೇ ಉಳೀತು. 'ಹಳೇ ಹಾಡು, ಐದು ವರ್ಷ ದಾಟಿದೆ, ಪರವಾಗಿಲ್ಲ' ಅಂತ ಗುಂಪಲ್ಲಿ ಒಬ್ಬರು ಹೇಳ್ತಿದ್ದಾರೆ. ಇನ್ನೊಂದು, ಪಂದ್ಯದ ದಿನ ಜನಕ್ಕೆ ಕಲಿಸೋದು ಹೇಗೆ?

---

ಹಕ್ಕುಪತ್ರ ಬರೆದದ್ದು:

ಐದು ವರ್ಷದ ಮಾತು ಅರ್ಧ ನಿಜ, ಆ ಅರ್ಧ ನಿಮಗೆ ಉಪಯೋಗಕ್ಕೆ ಬರಲ್ಲ ಸರ್. ಕೃತಿಸ್ವಾಮ್ಯ ಕಾಯ್ದೆ 1957ಕ್ಕೆ 2012ರಲ್ಲಿ ಸೇರಿಸಿದ 31ಸಿ ಕಲಮು ಕವರ್ ಆವೃತ್ತಿಯದು. ಮೂಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಆದಮೇಲೆ, ಮುಂಚಿತವಾಗಿ ನೋಟಿಸ್ ಕೊಟ್ಟು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಧನ ಮುಂಗಡ ಕಟ್ಟಿ, ಅದೇ ಹಾಡನ್ನು ಮತ್ತೆ ಹಾಡಿಸಬಹುದು. ಸಾಹಿತ್ಯ, ಸಂಗೀತ ಬದಲಾಯಿಸೋ ಹಾಗಿಲ್ಲ. ನೀವು ಮಾಡಹೊರಟಿರೋದು ಸಾಹಿತ್ಯ ಬದಲಾಯಿಸೋದನ್ನೇ, ಹಾಗಾಗಿ ಆ ದಾರಿ ಮುಚ್ಚಿದೆ. ಹಕ್ಕುದಾರರ ಲಿಖಿತ ಒಪ್ಪಿಗೆಯೇ ಬೇಕು.

ಒಂದು ಸಿನಿಮಾ ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಅಂತ ಮೂರು ಬೇರೆ ಬೇರೆ ಹಕ್ಕು ಇರುತ್ತೆ. ಸಾಹಿತ್ಯ, ಸಂಗೀತಕ್ಕೆ ಬರೆದವರ ಜೀವಿತಾವಧಿ ಮತ್ತು ಮೇಲೆ 60 ವರ್ಷ. ಧ್ವನಿಮುದ್ರಣಕ್ಕೆ ಪ್ರಕಟವಾದಲ್ಲಿಂದ 60 ವರ್ಷ. ಕ್ಯಾರಿಯೋಕೆ ಟ್ರ್ಯಾಕ್ ಬಳಸದೆ ನೀವೇ ನುಡಿಸಿದರೂ ಸಂಗೀತದ ಹಕ್ಕು ಹಾಗೇ ನಿಂತಿರುತ್ತೆ. ಯೂಟ್ಯೂಬಿನ ಕಂಟೆಂಟ್ ಐಡಿ ರಾಗದ ಹೋಲಿಕೆಯನ್ನೂ ಪತ್ತೆ ಮಾಡುತ್ತೆ. ಸೀಸನ್ನಿನ ನಡುವೆ ವಿಡಿಯೋ ಹೋದರೆ ಅಷ್ಟೂ ಶ್ರಮ ವ್ಯರ್ಥ.

ಜನಪದ ಧಾಟಿ ಎತ್ತಿಕೊಂಡರೆ ಧಾಟಿಗೆ ತಡೆಯಿಲ್ಲ. ಆದರೆ ಯಾವುದೋ ಕ್ಯಾಸೆಟ್ ಕಂಪನಿಯ ಧ್ವನಿಮುದ್ರಣದಿಂದ ತುಣುಕು ಕತ್ತರಿಸಬೇಡಿ, ಅದರ ವಾದ್ಯ ಸಂಯೋಜನೆಯನ್ನೂ ಹಾಗೇ ಇಳಿಸಬೇಡಿ. ಲಘುಗುರು ಹೇಳಿದ ನಾಲ್ಕು ಸ್ವರದಲ್ಲಿ ನಿಮ್ಮದೇ ಧಾಟಿ ಕಟ್ಟೋದು ಎಲ್ಲಕ್ಕಿಂತ ನೆಮ್ಮದಿ.

ನಿಮ್ಮೊಳಗೂ ಕಾಗದ ಆಗಲಿ. ಬರೆದವರು, ಧಾಟಿ ಕಟ್ಟಿದವರು, ಮುಖ್ಯ ಕೂಗಿನವರು, ವಾದ್ಯದವರು ಸಹಿ ಹಾಕಲಿ. ಹಕ್ಕು ವರ್ಗಾವಣೆ ಬಾಯಿಮಾತಲ್ಲಿ ಆಗಲ್ಲ, ಬರಹದಲ್ಲೇ ಇರಬೇಕು. ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನ ಐದು ವರ್ಷ ಅಂತ ಓದುತ್ತೆ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಕ್ಲಬ್ಬಿನ ಹೆಸರು, ಲಾಂಛನ ಬಳಸೋಕೆ ಕ್ಲಬ್ಬಿಂದ ಒಂದು ಪತ್ರ ತಗೊಳ್ಳಿ. ಮಕ್ಕಳ ದನಿ ಇದ್ದರೆ ತಂದೆ ತಾಯಿಯ ಸಹಿ.

ಬಿಡುಗಡೆ ಮೂರು ವಾರ ಮುಂಚೆ ಶುರು ಮಾಡಿ. ಹಾಡನ್ನ ಆನ್‌ಲೈನ್ ಆ್ಯಪ್‌ಗಳಿಗೆ ಮುಟ್ಟಿಸೋ ವಿತರಕ ಸಂಸ್ಥೆಗೆ ವೇವ್ ಫೈಲ್, 3000ಕ್ಕೆ 3000 ಪಿಕ್ಸೆಲ್‌ನ ಚೌಕ ಮುಖಚಿತ್ರ, ಕನ್ನಡ ಲಿಪಿಯಲ್ಲಿ ಶೀರ್ಷಿಕೆ, ಭಾಷೆಯ ಜಾಗದಲ್ಲಿ ಕನ್ನಡ. ಹಾಡಿಗೆ 12 ಅಕ್ಷರ, ಅಂಕಿಯ ಐಎಸ್‌ಆರ್‌ಸಿ ಸಂಕೇತ (ಆ ಧ್ವನಿಮುದ್ರಣದ ಗುರುತಿನ ಸಂಖ್ಯೆ) ಅವರೇ ಕೊಡ್ತಾರೆ, ಬರೆದಿಟ್ಟುಕೊಳ್ಳಿ. ಮುಖಚಿತ್ರದಲ್ಲಿ ಫೋನ್ ನಂಬರು, ವೆಬ್ ವಿಳಾಸ ಇದ್ದರೆ ತಿರಸ್ಕಾರ ಆಗಬಹುದು.

ಸಾಹಿತ್ಯದ ವಿಡಿಯೋ ಮಾಡುವವರು ಒತ್ತಕ್ಷರದ ಕಡೆ ಗಮನ ಕೊಡಿ. ಕೆಲವು ಎಡಿಟಿಂಗ್ ಆ್ಯಪ್‌ನಲ್ಲಿ 'ದ್ದೀ' ಹೋಗಿ ದ, ಹಲಂತ, ದೀ ಅಂತ ಬಿಡಿಬಿಡಿಯಾಗಿ ನಿಲ್ಲುತ್ತೆ. 'ನುಡಿ' ತಂತ್ರಾಂಶದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗುತ್ತೆ. ಯೂನಿಕೋಡಲ್ಲೇ ಟೈಪ್ ಮಾಡಿ, ಪ್ರತಿ ಸಾಲನ್ನೂ ಹಿನ್ನೆಲೆಯಿಲ್ಲದ ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ವಿಡಿಯೋದಲ್ಲಿ ಇಡಿ.

---

ಪಡುವಣ_ಗ್ಯಾಲರಿ ಬರೆದದ್ದು:

ಪಂದ್ಯದ ದಿನದ ಭಾಗ ನಾನು ಹೇಳ್ತೀನಿ ಗುರು. ಮೊದಲು ದೂರದ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತೆ. ಎದುರು ಗ್ಯಾಲರಿ 100 ಮೀಟರ್ ಆಚೆ ಇದ್ದರೆ ನಿಮ್ಮ ಕೂಗು ಅಲ್ಲಿಗೆ ಮುಟ್ಟೋಕೆ 0.29 ಸೆಕೆಂಡ್, ಅವರ ಉತ್ತರ ವಾಪಸ್ ಬರೋಕೆ ಇನ್ನೊಂದು 0.29. ಒಟ್ಟು 0.58. ನಿಮಿಷಕ್ಕೆ 112ರಲ್ಲಿ ಒಂದು ಚಪ್ಪಾಳೆಗೆ 0.54 ಸೆಕೆಂಡ್. ಅಂದರೆ ಎರಡು ಗ್ಯಾಲರಿ ಒಟ್ಟಿಗೆ ಹಾಡೋಕೆ ಹೋದರೆ ಎದುರಿನವರು ಒಂದು ಚಪ್ಪಾಳೆಗಿಂತ ಹೆಚ್ಚು ಹಿಂದೆ ಬಿದ್ದ ಹಾಗೇ ಕೇಳುತ್ತೆ. ಅವರು ಎಷ್ಟು ಸರಿಯಾಗಿ ಹಾಡಿದರೂ ಅಷ್ಟೇ. ಸುತ್ತ ಓಟದ ಟ್ರ್ಯಾಕ್ ಇರೋ ಮೈದಾನದಲ್ಲಿ ದೂರ ಇನ್ನೂ ಹೆಚ್ಚು. ಬೆಂಗಳೂರಿನ ಕಂಠೀರವದಲ್ಲೂ ಇದೇ ತೊಂದರೆ.

ಆದ್ದರಿಂದ ಒಟ್ಟಿಗೆ ಬೇಡ, ಕೂಗು–ಉತ್ತರ ಮಾಡಿ. ಕೂಗು ನಾಲ್ಕು ಚಪ್ಪಾಳೆ, ಆಮೇಲೆ ಎರಡು ಚಪ್ಪಾಳೆ ಖಾಲಿ, ಆಮೇಲೆ ಉತ್ತರ, ಮತ್ತೆ ಎರಡು ಖಾಲಿ. ಈ ಖಾಲಿ ಜಾಗ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ತಡವಾಗಿ ಬರೋ ದನಿ ಅದರಲ್ಲಿ ಕರಗುತ್ತೆ. 2016ರ ಯೂರೋ ಕಪ್ ಫುಟ್‌ಬಾಲಲ್ಲಿ ಐಸ್‌ಲ್ಯಾಂಡಿನ ಅಭಿಮಾನಿಗಳ ಚಪ್ಪಾಳೆ ಎಲ್ಲರಿಗೂ ನೆನಪಿರಬೇಕು. ಅಷ್ಟು ಜನ ಅಷ್ಟು ಒಟ್ಟಾಗಿ ಕೇಳಿಸಿದ್ದರಲ್ಲಿ ಪೆಟ್ಟುಗಳ ನಡುವಿನ ಉದ್ದದ ಮೌನದ ಪಾಲು ದೊಡ್ಡದು.

ನಿಮ್ಮ ಗುಂಪಿನೊಳಗೂ ಇದೇ ಲೆಕ್ಕ ಇದೆ. 70 ಜನ 20 ಮೀಟರ್ ಉದ್ದಕ್ಕೆ ಸಾಲಾಗಿ ಕೂತು, ತಮಟೆ ಒಂದು ತುದಿಯಲ್ಲಿದ್ದರೆ ಇನ್ನೊಂದು ತುದಿಗೆ ಪೆಟ್ಟು 60 ಮಿಲಿಸೆಕೆಂಡ್ ತಡ. ಅಷ್ಟು ಸಾಕು ಚಪ್ಪಾಳೆ ಪಟಪಟ ಅಂತ ಚೆದುರೋಕೆ. ಹತ್ತು ಮೀಟರ್ ಅಗಲ, ಏಳೆಂಟು ಸಾಲು, ತಮಟೆ ನಟ್ಟನಡುವೆ. ಬದಿಯವರಿಗೆ 15 ಮಿಲಿಸೆಕೆಂಡ್ ಮಾತ್ರ ತಡ, ಕಿವಿಗೆ ಗೊತ್ತೇ ಆಗಲ್ಲ. ಕೂಗು ಎತ್ತುವವರು ಮೈದಾನಕ್ಕೆ ಬೆನ್ನು ಮಾಡಿ ಜನರ ಕಡೆ ನಿಲ್ಲಲಿ, ಕೈ ತಲೆಗಿಂತ ಮೇಲೆ. ಹಿಂದಿನ ಸಾಲಿನವರು ಕಿವಿಗಿಂತ ಕಣ್ಣಿಂದ ತಾಳ ಹಿಡೀತಾರೆ. ಇಬ್ಬರು ಪಾಳಿಯಲ್ಲಿ ನಿಲ್ಲಿ, 45 ನಿಮಿಷ ಒಬ್ಬರೇ ಕೂಗಿದರೆ ದ್ವಿತೀಯಾರ್ಧಕ್ಕೆ ಗಂಟಲು ಇರಲ್ಲ. ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಳ್ಳಿ, ಐಸ್ ಹಾಕಿದ್ದು ಬೇಡ.

ಕಲಿಸೋದು: ಪಂದ್ಯಕ್ಕೆ 40 ನಿಮಿಷ ಮುಂಚೆ ಸೇರಿ. ಮೊದಲು ಮಾತಿಲ್ಲದೆ ಚಪ್ಪಾಳೆ ಮತ್ತು ಖಾಲಿ ಜಾಗ ಮಾತ್ರ, ನಾಲ್ಕು ಸುತ್ತು. ಖಾಲಿ ಜಾಗ ಕಾಯೋದೇ ಜನಕ್ಕೆ ಕಷ್ಟ, ಅದು ಬಂದರೆ ಉಳಿದದ್ದು ಬಂದ ಹಾಗೇ. ಆಮೇಲೆ ಉತ್ತರದ ಸಾಲು ಮಾತ್ರ ಕಲಿಸಿ, ಕೂಗು ನಿಮ್ಮದೇ. ಹೊಸಬರಿಗೆ ಎರಡು ಪದ ಬಂದರೆ ಅವರೂ ಹಾಡಿನ ಒಳಗೆ ಬಂದರು. ಚರಣಗಳು ರೆಕಾರ್ಡಿಂಗಲ್ಲಿ ಇರಲಿ, ಗ್ಯಾಲರಿಯಲ್ಲಿ ಪಲ್ಲವಿ ಸಾಕು. ಅದಕ್ಕೇ ರೆಕಾರ್ಡಿಂಗಲ್ಲೂ ಪಲ್ಲವಿ ಮೊದಲ ಹತ್ತು ಸೆಕೆಂಡಲ್ಲಿ ಬರಲಿ, ಹಾಡು ಎರಡೂವರೆ ನಿಮಿಷ ದಾಟದಿರಲಿ.

ಯಾವಾಗ ಎತ್ತಬೇಕು ಅನ್ನೋದೂ ಮುಖ್ಯ. ಕಾರ್ನರ್ ಸಿಕ್ಕಾಗ, ಎದುರು ತಂಡದ ಗೋಲ್ ಕಿಕ್ಕಿಗೆ, ಬದಲಿ ಆಟಗಾರ ಒಳಗೆ ಬರುವಾಗ. ನಮ್ಮ ಮೇಲೆ ಗೋಲ್ ಆದ ಮರುಕ್ಷಣ ಎತ್ತಿದ ಹಾಡಿಗೆ ಇರೋ ಬೆಲೆ ಬೇರೆ ಯಾವುದಕ್ಕೂ ಇಲ್ಲ, ಆಟಗಾರರು ತಲೆ ಎತ್ತಿ ಗ್ಯಾಲರಿ ಕಡೆ ನೋಡೋದು ಆಗಲೇ. ನಮ್ಮ ಆಟಗಾರ ಗಾಯವಾಗಿ ಬಿದ್ದಿದ್ದರೆ, ಎದುರಿನವರು ಬಿದ್ದಿದ್ದರೂ, ತಮಟೆ ನಿಲ್ಲಬೇಕು.

ಧ್ವನಿವರ್ಧಕಕ್ಕೆ ಪೊಲೀಸರ ಲಿಖಿತ ಅನುಮತಿ ಮುಂಚೆಯೇ ತಗೊಳ್ಳಿ. ಶಬ್ದ ಮಾಲಿನ್ಯ ನಿಯಮ 2000ದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕವೂ ಇಲ್ಲ, ವಾದ್ಯವೂ ಇಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಅಂತ ಘೋಷಿಸಿರಬಹುದು. ಚಾಮುಂಡಿ ವಿಹಾರ ಆಗಲಿ, ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ಆಗಲಿ, ತಮಟೆ ಒಳಗೆ ಬಿಡ್ತಾರಾ ಅಂತ ಸಂಘಟಕರನ್ನ ಹಿಂದಿನ ದಿನವೇ ಕೇಳಿ. ಗೇಟಲ್ಲಿ ವಾದಕ್ಕೆ ನಿಂತರೆ ಚರ್ಮವೂ ತಣ್ಣಗಾಗುತ್ತೆ, ಜನವೂ.

---

ಗೋಲ್‌ಪೋಸ್ಟ್_ಮೈಸೂರು:

ಸಿನಿಮಾ ಟ್ಯೂನ್ ಬೇಡ ಅಂತ ತೀರ್ಮಾನ ಆಯ್ತು. ಕಂಸಾಳೆಯವರ ಜತೆ ಮಾತಾಡಿದ್ವಿ. ಚರಣದ ನಡುವೆ ಮಾತಿಲ್ಲದ ಜಾಗದಲ್ಲಿ ಮಾತ್ರ ಬಾರಿಸ್ತಾರಂತೆ, ಅವರಿಗೂ ಅದೇ ಇಷ್ಟ. ಹೊಸ ಪಲ್ಲವಿ ನೋಡಿ. ಲಘುಗುರು ಸರ್ ಕೊಟ್ಟ ಮೊದಲ ಸಾಲನ್ನೇ ಇಟ್ಟುಕೊಂಡಿದ್ದೀವಿ, ಒಪ್ಪಿಗೆ ಇದೆ ತಾನೇ?

ಒಬ್ಬ: *ಯಾರೇ ಬರಲೀ*
ಎಲ್ಲರೂ: *ನಾವಿದ್ದೀವೋ*
ಒಬ್ಬ: *ಏನೇ ಬರಲೀ*
ಎಲ್ಲರೂ: *ಜೊತೆಗಿದ್ದೀವೋ*
ಎಲ್ಲರೂ: *ಮೈಸೂರ್ ಹುಡುಗ್ರು ಮುಂದಕ್ ನಡೀರೋ*

ಕೊನೇ ಸಾಲಲ್ಲಿ ಮುಕ್ತಾಯದ ಪೆಟ್ಟು ಯಾಕೋ ಸರಿ ಕೂರ್ತಿಲ್ಲ.

---

ಲಘುಗುರು:

ಧಾರಾಳವಾಗಿ ಇಟ್ಟುಕೊಳ್ಳಿ. 'ಜೊತೆಗಿದ್ದೀವೋ' ಚೆನ್ನಾಗಿ ಬಂದಿದೆ: ಜೊತೆಗಿದ್ | ದೀವೋ, ನಾಲ್ಕು ನಾಲ್ಕು. ಕೊನೇ ಸಾಲು ಬಿಡಿಸಿ: ಮೈಸೂರ್ ನಾಲ್ಕು, ಹುಡುಗ್ರು ನಾಲ್ಕು, ಮುಂದಕ್ ನಾಲ್ಕು, ನಡೀರೋ ಐದು. 'ಡೀ' ದೀರ್ಘ ಆದ್ದರಿಂದ ಒಂದು ಮಾತ್ರೆ ಮಿಕ್ಕಿತು, ಚಪ್ಪಾಳೆ 'ಡೀ' ನಡುವೆ ಬೀಳ್ತಿದೆ, 'ರೋ' ಅರ್ಧ ಹಿಂದೆ ಉಳೀತಿದೆ. 'ನುಗ್ರೋ' ಮಾಡಿ. ನುಗ್, ರೋ, ಎರಡು ಗುರು, ಎರಡು ಚಪ್ಪಾಳೆ. ಮುಕ್ತಾಯದ ಪೆಟ್ಟು 'ನುಗ್' ಮೇಲೆ ಕೊಡೋಕೆ ತಮಟೆಯವರಿಗೆ ಹೇಳಿ, 'ರೋ' ಎಳೆಯೋಕೆ ಜನಕ್ಕೆ ಬಿಡಿ.